ಬಲಗಡೆಯ ಕಲೆ

ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ ಎಂದ ಎಕ್ಸ್‌ರೇ ಹುಡುಗಿ ಬಿಡಿ ಅನ್ನುವುದನ್ನು ಮರೆತಳು. ಗಾಜಿನ ಆಚೆ ಯಾರೊಂದಿಗೋ ನಗುತ್ತ ಮಾತಿಗೆ ನಿಂತುಬಿಟ್ಟಳು. ಇತ್ತ ಅವಳು ತಣ್ಣನೆಯ ಹಲಗೆಗೆ ಎದೆಯೊತ್ತಿ, ಗದ್ದ ಮೇಲಿಟ್ಟು, ಬೆನ್ನ ಹಿಂದೆ ದಾರ ಜಾರುತ್ತಿದ್ದ ಕಾಗದದ ಗೌನಿನೊಳಗೆ ಉಸಿರು ಬಿಗಿಹಿಡಿದೇ ನಿಂತಿದ್ದಳು. ಬಿಡಬಹುದಿತ್ತು. ಯಾರೂ ಮೂಗು ಹಿಡಿದುಕೊಂಡಿರಲಿಲ್ಲ. ಆದರೂ ಬಿಡಲಿಲ್ಲ. ಕಣ್ಣ ಮುಂದೆ ಕಪ್ಪು ಚುಕ್ಕೆಗಳು ತೇಲತೊಡಗಿದಾಗ ತನ್ನ ಮೇಲೇ ಅಸಹ್ಯವಾಯಿತು. ಉಸಿರಾಡುವುದಕ್ಕೂ ಇವರ ಅಪ್ಪಣೆ ಕಾಯುವವಳಾಗಿಬಿಟ್ಟೆನಲ್ಲ. ನರ್ಸಾಗಿ ತಾನೂ ಎಷ್ಟು ಜನರನ್ನು ಹೀಗೆ ಹಲಗೆಗೆ ಒತ್ತಿ ನಿಲ್ಲಿಸಿಲ್ಲ, ಬಿಡಿ ಅನ್ನುವುದನ್ನು ಒಮ್ಮೆಯೂ ಮರೆತಿರಲಿಲ್ಲ ಅಂದುಕೊಂಡಳು. ಅದು ನಿಜವೋ ಈಗಿನ ಸಿಟ್ಟಿಗೆ ಹುಟ್ಟಿಕೊಂಡ ನೆನಪೋ ಗೊತ್ತಾಗಲಿಲ್ಲ. ಇದು ಎರಡನೆಯ ಚಿತ್ರ. ಮೊದಲನೆಯದು ಸರಿಯಾಗಿ ಬಂದಿಲ್ಲ, ಇನ್ನೊಂದು ತೆಗೀಬೇಕು ಎಂದಿದ್ದರು. ಸರಿಯಾಗಿ ಬಂದಿಲ್ಲ ಎಂದರೆ ಏನರ್ಥ ಎಂದು ಅವಳಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರೋಗಿಗಳಿಗೆ ಅವಳೇ ಹಾಗೆ ಹೇಳುತ್ತಿದ್ದಳು, ಚಿತ್ರದಲ್ಲಿ ಏನಾದರೂ ಕಂಡಾಗ.

ಹೊರಗಿನ ಬೆಂಚಿನ ಮೇಲೆ ತನ್ನ ಅರ್ಧ ವಯಸ್ಸಿನ ಹುಡುಗಿಯರು ಅದೇ ಕಾಗದದ ಗೌನು ತೊಟ್ಟು, ಮೂಗಿನ ತನಕ ಮಾಸ್ಕು ಏರಿಸಿಕೊಂಡು ಕೂತಿದ್ದರು. ವೀಸಾ ತಪಾಸಣೆಯ ಈ ಕಟ್ಟಡದಲ್ಲಿ ಮಾಸ್ಕು ತೆಗೆಯುವಂತಿಲ್ಲ, ಗೋಡೆಗೋಡೆಯ ಮೇಲೂ ಬರೆದು ಅಂಟಿಸಿದ್ದರು. ಎಲ್ಲರೂ ಹೊರದೇಶಕ್ಕೆ ಆರೈಕೆಯ ಕೆಲಸಕ್ಕೆ ಹೊರಟವರೇ. ಒಬ್ಬಳು ಕಣ್ಣು ಮುಚ್ಚಿಕೊಂಡು ಭಾಷೆಯ ಪರೀಕ್ಷೆಯ ವಾಕ್ಯಗಳನ್ನು ಗುನುಗುತ್ತಿದ್ದಳು. ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ನಿಮಗೆ ಹೇಗನ್ನಿಸುತ್ತಿದೆ ಎಂದು ಹೇಳುವಿರಾ. ಇವಳಿಗೂ ಅವು ಬಾಯಿಪಾಠ. ಆ ಪರೀಕ್ಷೆಗೆ ತಯಾರು ಮಾಡುವ ಮೇಷ್ಟ್ರು ತಾನೇ ರೋಗಿಯಾಗಿ ಕುರ್ಚಿಯಲ್ಲಿ ಒರಗಿ, ಹೊಟ್ಟೆ ಹಿಡಿದುಕೊಂಡು ಅಯ್ಯೋ ಎನ್ನುತ್ತಿದ್ದರು. ಇವಳು ಎದ್ದು ಹೋಗಿ ಅವರ ಹೊಟ್ಟೆ ಮುಟ್ಟಿ ನೋಡಿದ್ದಕ್ಕೆ ಇಡೀ ತರಗತಿ ಗೊಳ್ಳೆಂದಿತ್ತು. ಮುಟ್ಟುವ ಹಾಗಿಲ್ಲಮ್ಮ, ಮೊದಲು ಅರ್ಥವಾಗುತ್ತದೆ ಅನ್ನಬೇಕು ಎಂದು ಮೇಷ್ಟ್ರು ಅಂಕ ಕಳೆದಿದ್ದರು. ಎರಡನೆಯ ಸಲಕ್ಕೆ ಅವಳೂ ಅಂದಳು. ಅರ್ಥವಾಗುತ್ತದೆ, ಅರ್ಥವಾಗುತ್ತದೆ ಎಂದು ಪರೀಕ್ಷೆಯ ಯಂತ್ರದ ಮುಂದೆ ಗಿಣಿಯ ಹಾಗೆ ಹೇಳಿ ಪಾಸಾದಳು. ಅಪರಾಧಿಯಲ್ಲವೆಂದು ಪೊಲೀಸರಿಂದ ಬರೆಸಿಕೊಂಡು ಬಂದಳು. ಆ ದೇಶದಲ್ಲಿ ನರ್ಸ್ ಎನ್ನಿಸಿಕೊಳ್ಳಬೇಕಾದರೆ ಇನ್ನೊಂದು ಪರೀಕ್ಷೆ ಇತ್ತಂತೆ. ಅಲ್ಲಿಯ ತನಕ ಮುದುಕ ಮುದುಕಿಯರಿಗೆ ಮೈತೊಳೆಸಿ, ಉಣ್ಣಿಸಿ, ಮಗ್ಗಲು ಬದಲಿಸುವ ಆರೈಕೆಯವಳು. ಅದಕ್ಕೂ ತಲೆಯಾಡಿಸಿದಳು. ಆರೈಕೆಯವರು ಗಂಡ ಮಕ್ಕಳನ್ನು ಜೊತೆಗೆ ಕರೆತರುವಂತಿಲ್ಲ ಎಂಬ ನಿಯಮ ಓದಿದ ದಿನ ಮಾತ್ರ ಫೋನನ್ನು ಮಗುಚಿ ಹಾಕಿ, ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೊಮ್ಮೆ ತೊಳೆದಿದ್ದಳು. ನೋಡಿಕೊಳ್ಳುವುದಕ್ಕೆ ಬಾ, ನೀನು ನೋಡಿಕೊಳ್ಳಬೇಕಾದವರನ್ನು ಮಾತ್ರ ಬಿಟ್ಟು ಬಾ. ಎಂಥ ಜಾಣತನ. ಆ ನಿಯಮ ಬರೆದವನಿಗೂ ಒಬ್ಬ ತಾಯಿ ಇದ್ದಿರಬೇಕು, ಅವಳೂ ಈಗ ಎಲ್ಲೋ ಒಂದು ಕಿಟಕಿಯ ಪಕ್ಕ ಕೂತು, ಯಾರದೋ ಮಗುವಿನ ತಾಯಿ ಬಂದು ತನ್ನ ತಲೆ ಬಾಚಲಿ ಎಂದು ಕಾಯುತ್ತಿರಬೇಕು.

ಡಾಕ್ಟರು ಚಿಕ್ಕ ವಯಸ್ಸಿನವನು, ಮರ್ಯಾದಸ್ಥ. ಕೂತ್ಕೊಳ್ಳಿ ಸಿಸ್ಟರ್ ಎಂದು ಕುರ್ಚಿ ತೋರಿಸಿದ. ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ. ಅವಳ ಪಕ್ಕೆಲುಬುಗಳು ಬೆಳ್ಳಗೆ ಹೊಳೆಯುತ್ತಿದ್ದವು.

"ಇಲ್ಲಿ ನೋಡಿ, ಬಲಗಡೆ ಮೇಲೆ," ಎಂದು ಪೆನ್ನಿನ ತುದಿ ಇಟ್ಟ. "ಹಳೇ ಕಲೆ ಥರ ಇದೆ. ಹಿಂದೆ ಯಾವಾಗಾದ್ರೂ ಕ್ಷಯ ಅಂತ ಟ್ರೀಟ್‌ಮೆಂಟ್ ಆಗಿತ್ತಾ?"

ಅವಳು ಪರದೆಯನ್ನೇ ನೋಡಿದಳು. ಮುಂಬಾಗಿಲಿನ ಹುಡುಗಿ ಇದೇ ಪ್ರಶ್ನೆ ಕೇಳಿದಾಗ ಇಲ್ಲ ಎಂದಿದ್ದಳು. ಮೇಷ್ಟ್ರು ಎಲ್ಲ ಹುಡುಗಿಯರಿಗೂ ಹೇಳಿಕೊಟ್ಟದ್ದು ಅದೇ: ಕಾಯಿಲೆಯ ಮಾತು ಬಂದರೆ ಯೋಚನೆ ಮಾಡಬೇಡಿ, ಎಲ್ಲದಕ್ಕೂ ಇಲ್ಲ ಅನ್ನಿ. ಆದರೆ ಶ್ವಾಸಕೋಶಕ್ಕೆ ಮೇಷ್ಟ್ರ ಪಾಠ ಆಗಿರಲಿಲ್ಲ. ಡಾಕ್ಟರು ಕಾಗದ ನೋಡಿ, ನೀವು ಇಲ್ಲ ಅಂದಿದ್ದೀರಿ ಎಂದು ತಾನೇ ನೆನಪಿಸಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾಳೆ ಬೆಳಿಗ್ಗೆ ಬನ್ನಿ, ಇದು ಏನು, ಯಾವಾಗಿನದು ಎಂದು ನೀವು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಬನ್ನಿ, ಅಲ್ಲಿಯ ಡಾಕ್ಟರು ಯಾರಾದರೂ ಮಾತಾಡಿದರೂ ಆದೀತು ಎಂದ. ಇಲ್ಲದಿದ್ದರೆ ಕಫ ಕಳಿಸಬೇಕು, ಅದರಲ್ಲಿ ಕ್ಷಯದ ರೋಗಾಣು ಬೆಳೆಯುತ್ತದೋ ಇಲ್ಲವೋ ನೋಡಲು ಎರಡು ತಿಂಗಳು ಕಾಯಬೇಕು. ಅವಳು ಹೊರದೇಶದ ಆರೈಕೆ ಮನೆಯಲ್ಲಿ ಕೆಲಸಕ್ಕೆ ಸೇರಬೇಕಾದದ್ದು ಬರುವ ತಿಂಗಳು. ಆ ಆರೈಕೆ ಮನೆಯವರು ಯಾರಿಗೂ ಕಾಯುವವರಲ್ಲ ಎಂಬುದು ಅವನಿಗೂ ಗೊತ್ತಿತ್ತು. ಅದಕ್ಕೇ ಅಷ್ಟು ಮೆತ್ತಗೆ ಹೇಳಿದ.

ಆಸ್ಪತ್ರೆಗೆ ಹೊರಟ ಬಸ್ಸಿನಲ್ಲಿ ಕಿಟಕಿಗೆ ಹಣೆಯಾನಿಸಿ ಕೂತಾಗ ತಾನು ಮೊದಲು ಕೆಲಸ ಮಾಡಿದ ಅಲ್ಲಿನ ವಾರ್ಡಿನ ವಾಸನೆ ಎಲ್ಲಿಂದಲೋ ಮೂಗಿಗೆ ಬಂತು. ಪಾರಿವಾಳಗಳು ಒಳಗೆ ಬರುತ್ತವೆಂದು ಕಿಟಕಿಗಳಿಗೆಲ್ಲ ಮೊಳೆ ಹೊಡೆಸಿದ್ದರು. ಫ್ಯಾನುಗಳು ಅದೇ ಗಾಳಿಯನ್ನು ಅಲ್ಲಲ್ಲೇ ಕಡೆಯುತ್ತಿದ್ದವು. ಗಂಡಸರು ಸಾಲಾಗಿ ಮಲಗಿ ಕೆಮ್ಮುತ್ತಿದ್ದರು. ಒಬ್ಬ ನಿಲ್ಲಿಸಿದಲ್ಲಿಂದ ಇನ್ನೊಬ್ಬ ಎತ್ತಿಕೊಳ್ಳುತ್ತಿದ್ದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳೂ ಕುಳ್ಳಿಯೂ ಮಾಸ್ಕು ಕೇಳಲು ಹೋಗಿದ್ದರು. ಕುಳ್ಳಿ ಎಂದರೆ ಹಾಸ್ಟೆಲಿನಲ್ಲಿ ಅವಳ ಕೋಣೆಯವಳು. ಇವಳ ಹೆಗಲಿಗೂ ಬರುತ್ತಿರಲಿಲ್ಲ, ಇವಳನ್ನು ಏಣಿ ಎಂದು ಕರೆಯುತ್ತಿದ್ದಳು. ಏಣಿ, ಆ ಮೇಲಿನ ಕಪಾಟಿಂದ ಹತ್ತಿ ತೆಗಿ. ಏಣಿ, ಬಗ್ಗು, ನಿನ್ನ ಕಿವಿಯಲ್ಲಿ ಒಂದು ಮಾತು ಹೇಳಬೇಕು. ಮಾಸ್ಕು ಆಪರೇಷನ್ ಕೋಣೆಗೆ, ವಾರ್ಡಿನಲ್ಲಿ ಹಾಕಿಕೊಂಡರೆ ರೋಗಿಗಳು ಹೆದರುತ್ತಾರೆ ಎಂದು ಮೇಟ್ರನ್ ನಕ್ಕು ಕಳಿಸಿದ್ದರು. ಇಬ್ಬರೂ ಓಡುತ್ತ ವಾಪಸು ಬಂದಿದ್ದರು, ಬೈಸಿಕೊಳ್ಳಲಿಲ್ಲವಲ್ಲ ಎಂಬ ಸಂತೋಷಕ್ಕೆ.

ಮೊದಲು ಮಲಗಿದ್ದು ಇವಳು. ಸಂಜೆಯಾದರೆ ಜ್ವರ, ಬೆಳಗಾದರೆ ಬೆವರು. ಮದುವೆ ಗೊತ್ತಾಗಿದ್ದ ಕಾಲ. ಗಂಡಿನ ಚಿಂತೆಗೆ ಕರಗುತ್ತಿದ್ದಾಳೆ ಎಂದು ಕುಳ್ಳಿ ಎಲ್ಲರ ಮುಂದೆ ರೇಗಿಸುತ್ತಿದ್ದಳು. ರಜೆ ಕೇಳಿದರೆ ಜನ ಇಲ್ಲ ಎನ್ನುತ್ತಿದ್ದರು. ಕಡೆಗೆ ಮೇಟ್ರನ್ನೇ ಕೋಣೆಗೆ ಕರೆದು, ಬಾಗಿಲು ಹಾಕಿ, ತಾನೇ ನಿಂತು ಎಕ್ಸ್‌ರೇ ತೆಗೆಸಿ, ವಾರ್ಡಿನ ಕಪಾಟಿನ ಮಾತ್ರೆಗಳನ್ನು ದಿನವೂ ತನ್ನ ಕೈಯಿಂದಲೇ ಅವಳ ಅಂಗೈಗೆ ಹಾಕತೊಡಗಿದರು. ಎಲ್ಲೂ ಬರೆಯಲಿಲ್ಲ, ಯಾವ ಪುಸ್ತಕಕ್ಕೂ ಹೆಸರು ಹೋಗಲಿಲ್ಲ. ಹೊರಗೆ ಗೊತ್ತಾದರೆ ನಿನ್ನ ಮದುವೆ ಮುರೀತದೆ ಮಗಳೇ, ಇದು ನಮ್ಮಿಬ್ಬರಲ್ಲೇ ಇರಲಿ. ಅವಳು ಆ ಕೈ ಹಿಡಿದುಕೊಂಡು ಅತ್ತಿದ್ದಳು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಕಾಯಿಲೆ ಬಂದದ್ದಕ್ಕಲ್ಲ, ಆ ಕೃತಜ್ಞತೆಗೆ. ಮದುವೆಯಾಗುವವನಿಗೆ ಅವಳೇ ಒಂದು ದಿನ ಎಲ್ಲ ಹೇಳಿಬಿಟ್ಟಾಗ ಅವನು, ವಾಸಿಯಾಯ್ತಲ್ಲ, ಬಿಡು ಎಂದಿದ್ದ. ಮುರಿಯಲಿಲ್ಲ. ಅಂದರೆ ಮೇಟ್ರನ್ ಉಳಿಸಿದ್ದು ಮದುವೆಯನ್ನಲ್ಲ. ಏನನ್ನು ಎಂದು ಯೋಚಿಸುವುದಕ್ಕೆ ಅವಳು ಇಷ್ಟು ವರ್ಷ ತೆಗೆದುಕೊಂಡಳು.

ಆಮೇಲೆ ಕುಳ್ಳಿ. ಇಬ್ಬರೂ ಚಳಿಗೆ ಮಂಚ ಜೋಡಿಸಿಕೊಂಡು ಮಲಗುತ್ತಿದ್ದವರು, ಒಂದೇ ಲೋಟದಲ್ಲಿ ಟೀ ಹಂಚಿಕೊಳ್ಳುತ್ತಿದ್ದವರು. ಕುಳ್ಳಿಗೆ ಅದೇ ಮಾತ್ರೆಗಳು ನಾಟಲಿಲ್ಲ. ಬೇರೆ ಆಸ್ಪತ್ರೆ ಸೇರಿ ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಂಡಳು. ಸೂಜಿ ಕಾಯಿಲೆಯನ್ನು ಕೊಂದಿತು, ಹಾಗೆಯೇ ಕಿವಿಗಳನ್ನೂ. ಮೊದಲು ಸಣ್ಣಗೆ ಸಿಳ್ಳೆ ಹೊಡೆದ ಹಾಗೆ ಆಗುತ್ತದೆ ಎನ್ನುತ್ತಿದ್ದಳಂತೆ. ಈಗ ಒಂದು ಕಿವಿಯಲ್ಲಿ ಚೂರು ಉಳಿದಿದೆ, ಹತ್ತಿರ ಹೋಗಿ ಕೂಗಿದರೆ ಮಾತ್ರ. ಕೇಳಿಸದ ನರ್ಸನ್ನು ಯಾರು ಇಟ್ಟುಕೊಳ್ಳುತ್ತಾರೆ? ಇವಳಿಂದ ಅವಳಿಗೆ ಬಂತೋ, ಇಬ್ಬರಿಗೂ ಆ ವಾರ್ಡಿನ ಬೇರೆ ಬೇರೆ ಹಾಸಿಗೆಗಳಿಂದ ಬಂತೋ, ಯಾರೂ ಕೇಳಲಿಲ್ಲ. ಯಾರೂ ಕೇಳದಿದ್ದುದರಿಂದಲೇ ಅದು ಇವಳೊಳಗೆ ಉಳಿದುಬಿಟ್ಟಿತು. ಮೊದಮೊದಲು ನೋಡಲು ಹೋಗುತ್ತಿದ್ದಳು. ಕುಳ್ಳಿ ತನ್ನ ತುಟಿಗಳನ್ನೇ ದಿಟ್ಟಿಸುವುದನ್ನು ತಾಳಲಾರದೆ, ಮಗಳು ಚಿಕ್ಕವಳು, ಡ್ಯೂಟಿ ಬದಲಾಯಿತು ಎಂದು ಒಂದೊಂದೇ ನೆಪ ಹೂಡಿ ಹೋಗುವುದನ್ನು ನಿಲ್ಲಿಸಿದ್ದಳು.

ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವನು ಪಾಸ್ ಇದೆಯಾ ಎಂದು ಕೇಳಿದ. ಮೊನ್ನೆ ಮೊನ್ನೆ ಅವಳ ಬೀಳ್ಕೊಡುಗೆಯ ಕೇಕಿನಲ್ಲಿ ಎರಡು ತುಂಡು ತಿಂದು, ಹೋದ ಮೇಲೆ ನಮ್ಮನ್ನೆಲ್ಲ ಮರೀಬೇಡಿ ಸಿಸ್ಟರ್ ಎಂದು ಹಲ್ಲು ಕಿರಿದಿದ್ದವನು. ಅವನ ಮುಖದಲ್ಲಿ ಕೊಂಕೇನೂ ಇರಲಿಲ್ಲ. ಕೆಲಸ ಬಿಟ್ಟವಳು ಹೊರಗಿನವಳು, ಅಷ್ಟೆ. ಮೇಟ್ರನ್ ಈಗ ಇಡೀ ಆಸ್ಪತ್ರೆಯ ನರ್ಸುಗಳಿಗೆಲ್ಲ ಮೇಲಿನವರು. ಅವರ ಕೋಣೆಯ ಹೊರಗೆ ರೋಗಿಗಳ ಕಡೆಯವರು ಕೂರುವ ಬೆಂಚಿನಲ್ಲಿ ಅವಳನ್ನು ಕೂರಿಸಿದರು. ಹಾದುಹೋಗುವ ಹಳೆಯ ಗೆಳತಿಯರು, ಅಯ್ಯೋ ಇನ್ನೂ ಇಲ್ಲೇ ಇದ್ದೀಯಾ ಎಂದು ನಿಂತರು. ವಿಮಾನ ತಪ್ಪಿಹೋಯ್ತಾ ಎಂದು ಒಬ್ಬಳು ಕೇಳಿದಳು. ಅವರೆಲ್ಲ ಸೇರಿ ಕೊಟ್ಟ ದೊಡ್ಡ ಸೂಟ್‌ಕೇಸು ಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಕೂತಿತ್ತು. ಅದನ್ನು ಎತ್ತಿಕೊಂಡು ಬಂದು ಇವರೆಲ್ಲರ ಮೇಲೆ ಎಸೆಯಬೇಕೆನ್ನಿಸಿತು. ಇನ್ನೇನು, ಹೊರಡೋದೇ ಎಂದು ನಕ್ಕಳು.

ಮೇಟ್ರನ್ ಎದ್ದು ಬಂದು ತಬ್ಬಿಕೊಂಡರು. ಹಾರೋ ಹಕ್ಕಿ ಮತ್ತೆ ಗೂಡಿಗೆ ಬಂತಲ್ಲ ಎಂದರು. ಮೊಣಕಾಲು ನೋವು, ಮಗನ ಮನೆ, ಹೊಸ ಹುಡುಗಿಯರ ಸೋಮಾರಿತನ, ಎಲ್ಲ ಮುಗಿದ ಮೇಲೆ ಏನು ವಿಷಯ ಎಂದು ಕೇಳಿದರು. ಅವಳು ಹೇಳಿದಳು. ಮೇಟ್ರನ್ ಮುಖದಲ್ಲಿ ಗಾಬರಿ ಕಾಣಬಹುದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು, ಆ ಗಾಬರಿಗೆ ಎಂಥ ಉತ್ತರ ಕೊಡಬೇಕೆಂದೂ ಹೊಂದಿಸಿಕೊಂಡಿದ್ದಳು. ಅವರು ಗಾಬರಿಯಾಗಲಿಲ್ಲ. ಅಷ್ಟೇನಾ ಎಂದರು.

"ಆ ಕ್ಲಿನಿಕ್ಕಿನ ಡಾಕ್ಟರು ನಮ್ಮ ದೊಡ್ಡ ಡಾಕ್ಟರ ಕೈಕೆಳಗೆ ಕಲಿತ ಹುಡುಗ. ಒಂದು ಫೋನ್ ಮಾಡಿಸ್ತೀನಿ. ಚಿಕ್ಕವಳಿದ್ದಾಗ ನ್ಯುಮೋನಿಯಾ ಆಗಿತ್ತು, ಆ ಕಲೆ ಅದು ಅಂತ ಹೇಳ್ತಾರೆ. ನಾಳೆ ನೀನೂ ಅದನ್ನೇ ಹೇಳು. ಇಲ್ಲಿ ಇದ್ದಷ್ಟು ದಿನ ಒಂದು ನೆಗಡೀನೂ ಆಗಿಲ್ಲ ನಿನಗೆ, ತಿಳೀತಾ?"

"ಸರಿ ಮೇಡಂ," ಎಂದಳು ಅವಳು.

ಎಷ್ಟು ಬೇಗ ಅಂದುಬಿಟ್ಟಳು! ನಾಲಿಗೆಗೆ ಮೊದಲೇ ಗೊತ್ತಿತ್ತೋ ಎಂಬಂತೆ. ಎದೆಯೊಳಗೆ ಏನೋ ಸಡಿಲವಾಗಿ, ವಿಮಾನ, ಹೊಸ ಕೋಟು, ತಿಂಗಳ ಕೊನೆಯಲ್ಲಿ ಸಾಲಕ್ಕೆ ಯಾರ ಮುಂದೂ ಕೈಕಟ್ಟಿ ನಿಲ್ಲದ ಗಂಡ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಥ್ಯಾಂಕ್ಸ್ ಮೇಡಂ ಎಂದು ಇನ್ನೊಂದನ್ನೂ ಸೇರಿಸಿ ಬಾಗಿಲ ತನಕ ಹೋದಳು. ಅಲ್ಲಿ ನಿಂತು, ಯಾಕೆ ಎಂದು ತನಗೇ ತಿಳಿಯದೆ, ಕುಳ್ಳಿಯ ಸುದ್ದಿ ಏನಾದರೂ ಗೊತ್ತಾ ಎಂದು ಕೇಳಿದಳು.

ಮೇಟ್ರನ್ ಕನ್ನಡಕ ಒರೆಸಿಕೊಳ್ಳುತ್ತಿದ್ದರು. "ಪಾಪ, ಆ ಹುಡುಗಿ," ಎಂದರು. "ಅದು ಮನೆಯಿಂದ್ಲೇ ತಂದಿತ್ತು ಕಾಯಿಲೆನ. ಅಂಥ ಮನೆಗಳಲ್ಲಿ ಇರತ್ತೆ. ನಮ್ಮ ಆಸ್ಪತ್ರೆಗೆ ಸುಮ್ಮನೆ ಕೆಟ್ಟ ಹೆಸರು ಬರೋದ್ರಲ್ಲಿತ್ತು. ನಿನ್ನ ಥರ ಅಲ್ಲ ಅದು."

ಅವರು ಅದನ್ನು ಕಳ್ಳತನದಿಂದ ಹೇಳಲಿಲ್ಲ. ನಂಬಿಕೊಂಡು ಹೇಳಿದರು. ಬಾಗಿಲು ತಂತಾನೇ ಮೆಲ್ಲಗೆ ಮುಚ್ಚಿಕೊಂಡಿತು, ಅಂಥ ಬಾಗಿಲುಗಳನ್ನು ದಡಾರನೆ ಹಾಕುವುದಕ್ಕೂ ಬರುವುದಿಲ್ಲ. ಅವಳ ಕಾಲುಗಳು ತಾವಾಗಿ ಹಳೆಯ ವಾರ್ಡಿನ ಕಡೆ ತಿರುಗಿದವು. ಕಿಟಕಿಗಳಿಗೆ ಹೊಸ ಬಣ್ಣ ಬಳಿದಿದ್ದರು, ಮೊಳೆಗಳ ಮೇಲೂ ಬಳಿದಿದ್ದರು. ಒಬ್ಬಳು ಎಳೆಯ ನರ್ಸು, ಮುಖದ ಮೇಲೆ ಏನೂ ಇಲ್ಲದೆ, ಕೆಮ್ಮುತ್ತಿದ್ದ ಮುದುಕನೊಬ್ಬನ ಬೆನ್ನು ನೀವುತ್ತ ಅವನ ಬಾಯಿಯ ಕೆಳಗೆ ಬೇಸಿನ್ ಹಿಡಿದು ಬಗ್ಗಿದ್ದಳು. ಅವನು ಕೆಮ್ಮಿದಾಗಲೆಲ್ಲ ಅವಳ ಹಣೆಯ ಮೇಲಿನ ಕೂದಲು ಅಲುಗುತ್ತಿತ್ತು. ಮೂಗು ಮುಚ್ಕೋ ಎಂದಳು ಇವಳು. ಹುಡುಗಿ ತಲೆಯೆತ್ತಿ, ಯಾರಿವಳು ಎಂಬಂತೆ ನೋಡಿ, ಮೇಡಂ ಬೈತಾರೆ, ಪೇಷೆಂಟು ಹೆದರ್ಕೋತಾರಂತೆ ಎಂದಳು. ಅದೇ ಮಾತು. ಒಂದಕ್ಷರ ಬದಲಾಗಿರಲಿಲ್ಲ. ಇವಳು ತನ್ನ ಚೀಲದಲ್ಲಿದ್ದ, ಕ್ಲಿನಿಕ್ಕಿನವರು ಕೊಟ್ಟ ಹೊಸ ಮಾಸ್ಕನ್ನು ತೆಗೆದು ಹುಡುಗಿಯ ಕಿವಿಗೆ ತಾನೇ ಸಿಕ್ಕಿಸಿದಳು. ಒರಟಾಗಿಯೇ ಸಿಕ್ಕಿಸಿದಳು, ಹುಡುಗಿಗೆ ನೋವಾಗಿರಬೇಕು. ನೋವು ಅರ್ಥವಾಗುತ್ತದೆ ಎನ್ನಲಿಲ್ಲ.

ಕುಳ್ಳಿಯ ಕೋಣೆ ಬೀದಿಗೇ ಬಾಯಿ ತೆರೆದುಕೊಂಡಿತ್ತು. ಹೊಲಿಗೆ ಮಿಷನ್ನನ್ನು ಬಾಗಿಲಿಗೆ ಎದುರಾಗಿ ಹಾಕಿಕೊಂಡಿದ್ದಳು, ಬಂದವರು ಕಾಣಲಿ ಎಂದು, ಕರೆದರೆ ಕೇಳಿಸುವುದಿಲ್ಲವಲ್ಲ. ಶಾಲೆಯ ಸಮವಸ್ತ್ರದ ನೀಲಿ ಬಟ್ಟೆ ಅವಳ ಸುತ್ತ ರಾಶಿಬಿದ್ದಿತ್ತು. ತಲೆಯೆತ್ತಿದಳು. ನಗಲಿಲ್ಲ, ಏಳಲಿಲ್ಲ. ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು.

"ದಾರಿ ತಪ್ಪಿ ಬಂದ್ಯಾ?" ಎಂದಳು. ತನ್ನ ದನಿ ತನಗೆ ಕೇಳದವರ ದನಿ, ಏರಿಳಿತವಿಲ್ಲದೆ ಗಟ್ಟಿಯಾಗಿ, ಬೀದಿಯ ಆಚೆ ತನಕ ಹೋಯಿತು.

ಇವಳು ಸ್ಟೂಲಿನ ಮೇಲೆ ಎದುರಿಗೆ ಕೂತು, ದನಿ ಹೊರಡಿಸದೆ ತುಟಿ ಮಾತ್ರ ಆಡಿಸುತ್ತ ಹೇಳಿದಳು. ಪಕ್ಕದ ಅಂಗಡಿಯಲ್ಲಿ ಜನ ಇದ್ದರು. ವೀಸಾ, ಎಕ್ಸ್‌ರೇ, ಕಲೆ, ಮೇಟ್ರನ್, ಫೋನು. ಬಾಯಿ ಪೂರ್ತಿ ತೆಗಿ, ಕದ್ದು ತಿನ್ನೋ ಥರ ಮಾತಾಡಬೇಡ ಎಂದು ಕುಳ್ಳಿ ಎರಡು ಸಲ ಗದರಿದಳು. ಎಲ್ಲ ಮುಗಿದ ಮೇಲೆ ಅವಳು ಮಿಷನ್ನಿನ ಮೇಲಿದ್ದ ದಾರದ ಚೂರನ್ನು ಉಗುರಿನಿಂದ ಕೀಳುತ್ತ, ಸರಿ ಹೋಗು, ಹೋಗಿ ಬಾ, ಅದನ್ನ ಹೇಳೋಕೆ ಇಷ್ಟು ವರ್ಷ ಆದ ಮೇಲೆ ಬರಬೇಕಿತ್ತಾ ಎಂದಳು. ನನ್ನ ಹತ್ತಿರ ಕ್ಷಮೆ ಕೇಳೋಕೆ ಬಂದಿದ್ರೆ ಅದು ನನಗೆ ಬೇಡ. ಯಾರಿಂದ ಯಾರಿಗೆ ಬಂತು ಅಂತ ನಾನು ಒಂದು ದಿನಾನೂ ತಲೆ ಕೆಡಿಸ್ಕೊಂಡಿಲ್ಲ. ನೀನು ಬರೋದು ನಿಲ್ಲಿಸಿದೆಯಲ್ಲ, ಅದಕ್ಕೆ ಕೆಡಿಸ್ಕೊಂಡೆ. ಹೇಳುತ್ತ ಹೇಳುತ್ತ ಅವಳ ಕಣ್ಣು ಕೆಂಪಾದವು, ಆದರೆ ಅಳಲಿಲ್ಲ. ಮತ್ತೆ ಚಕ್ರಕ್ಕೆ ಕೈ ಹಾಕಿದವಳು, ಏನೋ ನೆನಪಾದಂತೆ ನಿಂತಳು.

"ನನ್ನ ಬಗ್ಗೆ ಏನಂದಳು ಅವಳು?"

ಏನೂ ಅನ್ನಲಿಲ್ಲ ಎಂದಳು ಇವಳು. ಕುಳ್ಳಿ ಬಗ್ಗಿ ಅವಳ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿದಳು. ಸುಳ್ಳು ತುಟಿಯ ಮೇಲೆ ಬೇರೆ ಥರ ಕಾಣುತ್ತದೆಯೋ ಏನೋ. ಮನೆಯಿಂದ ತಂದಿದ್ದಳು ಎಂದರು, ಎಂದಳು ಇವಳು. ಕುಳ್ಳಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳು ಎಂದಳು. ಇನ್ನೊಮ್ಮೆ ಹೇಳಿದಳು. ಮನೆಯಿಂದಾ, ಯಾರ ಮನೆಯಿಂದ ಎಂದು ಕೇಳಿದಳು ಕುಳ್ಳಿ. ಆ ಮಾತನ್ನು ಮತ್ತೆ ಮತ್ತೆ, ಬಾಯಿ ಅಗಲಿಸಿ, ಬಿಡಿಬಿಡಿಯಾಗಿ, ಮಗುವಿಗೆ ಅಕ್ಷರ ಹೇಳಿಕೊಟ್ಟ ಹಾಗೆ ಹೇಳಬೇಕಾಗಿ ಬಂದಾಗ, ಅದು ಮೇಟ್ರನ್ನರ ಮಾತಾಗಿ ಉಳಿಯದೆ ತನ್ನದೇ ಮಾತಾಗಿಬಿಟ್ಟಿದೆ ಎನ್ನಿಸಿತು ಅವಳಿಗೆ. ಸರಿ ಮೇಡಂ ಎಂದವಳು ತಾನೇ ಅಲ್ಲವೆ. ಕುಳ್ಳಿಗೆ ಕಡೆಗೂ ತಿಳಿಯಿತು. ಆಮೇಲೆ ಸೂಜಿಯಿಂದ ದಾರ ಬಿಡಿಸಿ, ನೀಲಿ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟು, ನಾಳೆ ಕ್ಲಿನಿಕ್ಕಿಗೆ ಎಷ್ಟು ಗಂಟೆಗೆ ಎಂದು ಕೇಳಿದಳು.

ಮನೆಯಲ್ಲಿ ಗಂಡ ಸಮಾಧಾನವಾಗಿದ್ದ. ಫೋನ್ ಮಾಡಿಸ್ತಾರಲ್ಲ, ಮುಗೀತು ಬಿಡು, ನಾಳೆ ಹೂಂ ಅಂದು ಬಾ ಎಂದ. ಅವನ ಒಳ್ಳೆಯತನದ ಮೇಲೆ ಹರಿಹಾಯಬೇಕೆನ್ನಿಸಿತು ಅವಳಿಗೆ. ಯಾವುದಕ್ಕೂ ಬಿಡು ಅನ್ನುವವನು, ತನ್ನನ್ನೂ ಒಂದು ದಿನ ಹೀಗೆಯೇ ಬಿಟ್ಟು ಕಳಿಸುವವನು. ಮಗಳು ಕನ್ನಡಿಯ ಮುಂದೆ ನಿಂತು ತಾನೇ ಜಡೆ ಹೆಣೆದುಕೊಳ್ಳುತ್ತಿದ್ದಳು. ಅಮ್ಮ ಹೋದ ಮೇಲೆ ಬೇಕಾಗುತ್ತದೆಂದು ಕೆಲವು ದಿನದಿಂದ ಅಭ್ಯಾಸ ಮಾಡುತ್ತಿದ್ದಳು. ಒಂದು ಜಡೆ ಕಿವಿಯ ಹಿಂದಿನಿಂದ, ಇನ್ನೊಂದು ಬೆನ್ನ ನಡುವಿನಿಂದ ಹೊರಟಿತ್ತು. ಇವಳು ಬಾಚಣಿಗೆಗೆ ಕೈ ಚಾಚಿದರೆ ಬೇಡ ಎಂದು ತಲೆ ಕೊಸರಿದಳು.

"ಅಲ್ಲಿ ಬೇರೆಯವರ ಅಜ್ಜಿಗೆ ಜಡೆ ಹಾಕ್ತೀಯಾ ನೀನು?" ಎಂದು ಕನ್ನಡಿಯೊಳಗಿಂದಲೇ ಕೇಳಿದಳು.

ಹಾಕಬೇಕು, ಅದೇ ಕೆಲಸ ಎಂದಳು ಅವಳು. ಅಜ್ಜಿಗೆ ಅವರ ಮಗಳು ಇಲ್ವಾ ಎಂದು ಮಗಳು ಕೇಳಿದ್ದಕ್ಕೆ ಗಂಡ ನಕ್ಕ. ಅವಳಿಗೆ ನಗು ಬರಲಿಲ್ಲ.

ಮರುದಿನ ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲಲ್ಲಿ ಕುಳ್ಳಿ ಅವಳಿಗಿಂತ ಮೊದಲೇ ಬಂದು ನಿಂತಿದ್ದಳು, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಕೆಲಸದ ಸಂದರ್ಶನಕ್ಕೆ ಬಂದವಳ ಹಾಗೆ. ಒಳಗೆ ಕಾಲಿಡುತ್ತಲೇ ಇಬ್ಬರ ಕೈಗೂ ಮಾಸ್ಕು ಕೊಟ್ಟರು. ಕುಳ್ಳಿ ಅದನ್ನು ಹಾಕಿಕೊಂಡು ಬೆಂಚಿನ ಮೇಲೆ, ಕಾಗದದ ಗೌನಿನ ಹುಡುಗಿಯರ ನಡುವೆ ಕೂತಳು. ತುಟಿಗಳೆಲ್ಲ ಮುಚ್ಚಿಹೋದ ಆ ಕೋಣೆಯಲ್ಲಿ ಅವಳಿಗೆ ಕಣ್ಣುಗಳ ಹೊರತು ಓದಲು ಏನೂ ಉಳಿದಿರಲಿಲ್ಲ.

ಡಾಕ್ಟರು ಇವತ್ತು ಹಗುರಾಗಿದ್ದ. ಅವಳು ಕೂರುವುದಕ್ಕೂ ಮುಂಚೆ, ದೊಡ್ಡ ಡಾಕ್ಟರ ಫೋನು ಬಂದಿತ್ತು, ನ್ಯುಮೋನಿಯಾ ಅಂತಲ್ಲ, ಮೊದಲೇ ಹೇಳಬಾರದಿತ್ತಾ ಸಿಸ್ಟರ್ ಎಂದ. ಬೆರಳುಗಳು ಕೀಲಿಮಣೆಯ ಮೇಲೆ ತಯಾರಾಗಿದ್ದವು. ಅವಳು ತಲೆಯಾಡಿಸಿದರೆ ಸಾಕಿತ್ತು, ಮಾತೂ ಬೇಕಿರಲಿಲ್ಲ. ಕತ್ತಿನಲ್ಲಿ ಆ ತಲೆಯಾಡಿಕೆ ಹೊರಡಲು ತುದಿಗಾಲಲ್ಲಿ ನಿಂತಿರುವುದು ಅವಳಿಗೆ ಗೊತ್ತಾಗುತ್ತಿತ್ತು. ವರ್ಷಗಟ್ಟಲೆ ಸರಿ ಮೇಡಂ, ಸರಿ ಸರ್ ಎಂದು ಪಳಗಿದ ಕತ್ತು. ಅವಳು ಅದನ್ನು ಬಿಗಿಹಿಡಿದಳು.

"ನ್ಯುಮೋನಿಯಾ ಅಲ್ಲ," ಎಂದಳು. "ಕ್ಷಯ. ಅದೇ ಆಸ್ಪತ್ರೆಯ ವಾರ್ಡಲ್ಲಿ ಬಂತು. ಅವರೇ ಮಾತ್ರೆ ಕೊಟ್ಟರು, ಬರ್ಕೊಳ್ಳಲಿಲ್ಲ. ನನ್ನ ಜೊತೆ ಇದ್ದವಳಿಗೂ ಬಂತು. ಅವಳು ಹೊರಗೆ ಕೂತಿದಾಳೆ. ಬೇಕಾದ್ರೆ ಕೇಳಿ."

ಡಾಕ್ಟರು ಕೈ ಹಿಂದಕ್ಕೆ ತೆಗೆದುಕೊಂಡ. ಅವನ ಮುಖದಲ್ಲಿ ಈಗ ಬಂದದ್ದು ಸಿಟ್ಟು, ಮರ್ಯಾದೆಯ ಕೆಳಗಿನ ನಿಜವಾದ ಸಿಟ್ಟು. ಇದನ್ನ ಯಾಕೆ ಈಗ ಹೇಳ್ತಿದ್ದೀರಿ, ನಾನು ಏನು ಮಾಡಲಿ ಎಂದ. ದೊಡ್ಡ ಡಾಕ್ಟರಿಗೆ ತಾನು ಏನು ಹೇಳಬೇಕು ಎಂಬುದು ಅವನ ಚಿಂತೆ ಎಂದು ಅವಳಿಗೆ ತಿಳಿಯಿತು. ಆಮೇಲೆ ಅವನು ನಿಯಮ ಹೇಳಿದ. ಕಫ ಕೊಡಬೇಕು, ಕಾಯಬೇಕು. ನಿನ್ನೆ ಇಲ್ಲ ಎಂದದ್ದು, ಇವತ್ತು ಹೌದು ಎಂದದ್ದು, ಎರಡೂ ವೀಸಾ ಕಚೇರಿಗೆ ಹೋಗುತ್ತವೆ. ಬರೀರಿ ಎಂದಳು ಅವಳು. ಅವನು ಬರೆದ. ಅವಳ ಎದೆಯಲ್ಲಿ ಬದುಕಿದ ಕಾಯಿಲೆ ಏನೂ ಇಲ್ಲವೆಂದು ಫಲಿತಾಂಶ ಬರುವ ಹೊತ್ತಿಗೆ ಆ ಆರೈಕೆ ಮನೆಯ ಹಾಸಿಗೆಗಳ ನಡುವೆ ಬೇರೆ ಯಾರೋ ಓಡಾಡುತ್ತಿದ್ದರು, ಹಳೆಯ ಆಸ್ಪತ್ರೆಯ ಬಾಗಿಲೂ ಅವಳಿಗೆ ಮುಚ್ಚಿತ್ತು. ಗಂಡ ಕೆಲವು ವಾರ ಅವಳೊಡನೆ ಮಾತಾಡಲಿಲ್ಲ, ಬಿಡು ಎಂದು ಕೂಡ ಅನ್ನಲಿಲ್ಲ. ಅದೆಲ್ಲ ಹೀಗಾಗುತ್ತದೆಂದು ಆ ಬೆಳಿಗ್ಗೆ ಕುರ್ಚಿಯಿಂದ ಏಳುವಾಗಲೇ ಅವಳಿಗೆ ಹೆಚ್ಚುಕಡಿಮೆ ಗೊತ್ತಿತ್ತು. ಒಳ್ಳೆಯದು ಮಾಡಿದೆನೆಂಬ ಹಿಗ್ಗು ಎಲ್ಲೂ ಇರಲಿಲ್ಲ. ಸಿಟ್ಟು ಮಾತ್ರ ಹಾಗೆಯೇ ಇತ್ತು, ಇನ್ನೂ ಯಾರಿಗೂ ಏನೂ ಹೇಳಿಲ್ಲವೆಂಬಂತೆ.

ಹೊರಗೆ ಬರುತ್ತಲೇ ಕುಳ್ಳಿ ಎದ್ದು ನಿಂತಳು. ಏನಂದ್ರು ಎಂದು ಕೇಳಿದಳು, ಬೀದಿಗೆಲ್ಲ ಕೇಳುವ ತನ್ನ ದನಿಯಲ್ಲಿ. ಬೆಂಚಿನ ಹುಡುಗಿಯರೆಲ್ಲ ತಲೆಯೆತ್ತಿದರು, ಗುನುಗುತ್ತಿದ್ದವಳೊಬ್ಬಳು ನಿಲ್ಲಿಸಿದಳು. ಇವಳು ಏನೋ ಹೇಳಿದಳು. ಕುಳ್ಳಿ ಮಾಸ್ಕಿನ ಬಟ್ಟೆ ಅಲುಗುವುದನ್ನು ನೋಡಿ ತಲೆ ಅಲ್ಲಾಡಿಸಿದಳು, ಉಳಿದ ಕಿವಿಯನ್ನು ಅವಳ ಕಡೆ ತಿರುಗಿಸಿ, ಇನ್ನೂ ಗಟ್ಟಿಯಾಗಿ ಎಂದು ಕೈ ಮಾಡಿದಳು. ಇವಳು ಬಗ್ಗಿ ಆ ಕಿವಿಯ ಹತ್ತಿರ ಬಾಯಿ ತಂದು ಕೂಗಿದಳು: ಹೇಳಿದೆ, ನಮ್ಮಿಬ್ಬರಿಗೂ ಕ್ಷಯ ಬಂದದ್ದು ಆ ವಾರ್ಡಲ್ಲಿ ಅಂತ ಹೇಳಿದೆ.

ಮುಂಬಾಗಿಲಿನ ಹುಡುಗಿ ಮೇಜಿನ ಹಿಂದಿನಿಂದ ಓಡಿ ಬಂದಳು.

"ಮೇಡಂ, ಸ್ವಲ್ಪ ಮೆಲ್ಲಗೆ ಮಾತಾಡಿ, ಎಲ್ಲರಿಗೂ ಕೇಳತ್ತೆ."

"ಆಗಲ್ಲ," ಎಂದಳು ಅವಳು. "ಇವಳಿಗೆ ಕೇಳಲ್ಲ."

ಮತ್ತೆ ಕುಳ್ಳಿಯ ಕಿವಿಗೆ ಬಗ್ಗಿ, ಎಳೆಯಬಹುದಾದಷ್ಟು ಉಸಿರು ಎಳೆದುಕೊಂಡು, ಆಸ್ಪತ್ರೆಯ ಹೆಸರು ಮತ್ತು ಮೇಟ್ರನ್ನರ ಹೆಸರಿನೊಂದಿಗೆ ಮೊದಲಿನಿಂದ ಶುರು ಮಾಡಿದಳು.